ವಿಜ್ಞಾನ ಶಿಕ್ಷಕರನ್ನು ರೂಪಿಸುವ ರಸಾಯನಶಾಸ್ತ್ರದ ಅಧ್ಯಾಪಕರು

ನಮ್ಮ ಪ್ರೌಢಶಾಲೆಗಳ ವಿಜ್ಞಾನ ಶಿಕ್ಷಕರಲ್ಲಿ ಹೆಚ್ಚಿನವರು ಎರಡು ಬೇರೆ ಬೇರೆ ಸಂಸ್ಥೆಗಳಲ್ಲಿ ತಯಾರಾದವರು. ಮೊದಲು ಪದವಿ ಕಾಲೇಜಿನಲ್ಲಿ ಬಿ.ಎಸ್‌ಸಿ. ಓದುತ್ತಾರೆ, ಆಮೇಲೆ ಶಿಕ್ಷಣ ಮಹಾವಿದ್ಯಾಲಯಕ್ಕೆ ಸೇರಿ ಬಿ.ಎಡ್. ಮುಗಿಸುತ್ತಾರೆ. ಪದವಿ ಕಾಲೇಜಿನ ರಸಾಯನಶಾಸ್ತ್ರದ ಅಧ್ಯಾಪಕರು ಉಷ್ಣಗತಿವಿಜ್ಞಾನವನ್ನೋ ಲವಣ ವಿಶ್ಲೇಷಣೆಯನ್ನೋ ಪಾಠ ಮಾಡುವಾಗ, ಎದುರಿಗೆ ಕುಳಿತವರಲ್ಲಿ ಯಾರು ಮುಂದೆ ಒಂಬತ್ತನೆಯ ತರಗತಿಗೆ ವಿಜ್ಞಾನ ಕಲಿಸಲಿದ್ದಾರೆ ಎಂದು ಯೋಚಿಸಬೇಕಾದ ಪ್ರಮೇಯವೇ ಬರುವುದಿಲ್ಲ. ಬಿ.ಎಡ್. ಕಾಲೇಜಿನಲ್ಲಿ ವಿಜ್ಞಾನ ಬೋಧನಾ ವಿಧಾನ ಕಲಿಸುವವರು, ವಿಷಯಜ್ಞಾನವೆಲ್ಲ ಪದವಿಯಲ್ಲೇ ಬಂದಿದೆ ಎಂದು ನಂಬಿಕೊಂಡು, ಪಾಠಯೋಜನೆ, ಉದ್ದೇಶಗಳು, ಮೌಲ್ಯಮಾಪನ ಎಂದು ಮುಂದೆ ಸಾಗುತ್ತಾರೆ. ಅಣು, ಪರಮಾಣು, ಅಯಾನುಗಳೆಂಬ ಕಣ್ಣಿಗೆ ಕಾಣದ ಸಂಗತಿಗಳನ್ನು ಹದಿನಾಲ್ಕು ವರ್ಷದ ಮಗುವಿಗೆ ಯಾವ ದಾರಿಯಿಂದ ಮುಟ್ಟಿಸಬೇಕು, ಮಗು ಎಲ್ಲಿ ಎಡವುತ್ತದೆ, ಎಡವಿದ್ದು ಶಿಕ್ಷಕರಿಗೆ ಹೇಗೆ ತಿಳಿಯಬೇಕು ಎಂಬ ಪ್ರಶ್ನೆಗಳು ಇಬ್ಬರ ಪಾಲಿಗೂ ಬಾರದೆ ನಡುವೆ ಉಳಿದುಬಿಡುತ್ತವೆ. ಈ ನಡುವಿನ ಪ್ರಶ್ನೆಗಳನ್ನೇ ವೃತ್ತಿಯನ್ನಾಗಿ ಮಾಡಿಕೊಂಡ ರಸಾಯನಶಾಸ್ತ್ರದ ಅಧ್ಯಾಪಕರು ದೇಶದಲ್ಲಿ ಬಹಳ ಮಂದಿಯಿಲ್ಲ. ಅವರು ಮಾಡುವ ಕೆಲಸ ಎಂಥದು, ಅದಕ್ಕೆ ಬೇಕಾದ ತಿಳಿವಳಿಕೆ ಯಾವುದು, ಆ ವೃತ್ತಿ ಏಕೆ ಇಂದಿಗೂ ಎರಡು ದೋಣಿಗಳ ನಡುವೆ ನಿಂತಿದೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಈ ಒಡಕನ್ನು ಸರ್ಕಾರ ಕಾಣದೆ ಇರಲಿಲ್ಲ. 1964ರಿಂದ 1966ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗವು, ಶಿಕ್ಷಕರ ತರಬೇತಿ ಸಂಸ್ಥೆಗಳು ವಿಶ್ವವಿದ್ಯಾಲಯಗಳ ವಿದ್ವತ್ ಜೀವನದಿಂದಲೂ ಶಾಲೆಗಳಿಂದಲೂ ಪರಸ್ಪರರಿಂದಲೂ ದೂರ ಉಳಿದಿವೆ ಎಂದು ಸ್ಪಷ್ಟವಾಗಿಯೇ ಹೇಳಿತ್ತು. ಅದಕ್ಕೂ ಸ್ವಲ್ಪ ಮೊದಲೇ ಬೇರೊಂದು ಪ್ರಯೋಗ ಆರಂಭವಾಗಿತ್ತು. 1961ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿ, ಅಂದರೆ ಎನ್‌ಸಿಇಆರ್‌ಟಿ, ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಸಹಕಾರದೊಂದಿಗೆ ಅಜ್ಮೀರ್, ಭೋಪಾಲ್, ಭುವನೇಶ್ವರ ಮತ್ತು ಮೈಸೂರುಗಳಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜುಗಳನ್ನು ತೆರೆಯಿತು. ಮೈಸೂರಿನ ಕಾಲೇಜು 1963ರಲ್ಲಿ ಆರಂಭವಾಯಿತು. ಇಂದು ಅದರ ಹೆಸರು ಪ್ರಾದೇಶಿಕ ಶಿಕ್ಷಣ ಸಂಸ್ಥೆ ಎಂದಾಗಿದ್ದರೂ ಮೈಸೂರಿನ ಹಳಬರ ಬಾಯಲ್ಲಿ ಅದು ಈಗಲೂ ರೀಜನಲ್ ಕಾಲೇಜೇ. ಕೃಷಿ, ವಾಣಿಜ್ಯ, ತಾಂತ್ರಿಕ ವಿಷಯಗಳನ್ನೂ ಕಲಿಸುವ ಬಹೂದ್ದೇಶ ಪ್ರೌಢಶಾಲೆಗಳಿಗೆ ಶಿಕ್ಷಕರನ್ನು ಒದಗಿಸುವುದು ಈ ಕಾಲೇಜುಗಳ ಮೂಲ ಗುರಿಯಾಗಿತ್ತು. ಆ ಬಗೆಯ ಶಾಲೆಗಳ ಕಲ್ಪನೆ ಕಾಲಕ್ರಮದಲ್ಲಿ ಮಸುಕಾಯಿತು. ಆದರೆ ವಿಷಯವನ್ನೂ ಬೋಧನೆಯನ್ನೂ ನಾಲ್ಕು ವರ್ಷ ಒಟ್ಟಿಗೆ ಕಲಿಸುವ ಬಿ.ಎಸ್‌ಸಿ.ಎಡ್. ಎಂಬ ಪದವಿ ಉಳಿದುಕೊಂಡಿತು. ಆವರಣದೊಳಗೇ ಇರುವ ಪ್ರಾತ್ಯಕ್ಷಿಕ ಶಾಲೆಯ ಹೆಸರಿನಲ್ಲಿ ಬಹೂದ್ದೇಶ ಎಂಬ ಮಾತು ಇನ್ನೂ ಹಾಗೆಯೇ ಇದೆ.

ಇಂಥ ಸಂಸ್ಥೆಗೆ ರಸಾಯನಶಾಸ್ತ್ರದ ಅಧ್ಯಾಪಕರಾಗಿ ಸೇರುವವರ ಕೆಲಸ ಪದವಿ ಕಾಲೇಜಿನ ಸಹೋದ್ಯೋಗಿಗಳ ಕೆಲಸಕ್ಕಿಂತ ಮೊದಲ ವಾರದಿಂದಲೇ ಬೇರೆಯಾಗಿರುತ್ತದೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದುವ ಪಿಸಿಎಂ ವಿದ್ಯಾರ್ಥಿಗಳಿಗೂ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದುವ ಸಿಬಿಝಡ್ ವಿದ್ಯಾರ್ಥಿಗಳಿಗೂ ಅವರು ಪದವಿ ಮಟ್ಟದ ಪಾಠ ಹೇಳಬೇಕು, ಪ್ರಯೋಗಾಲಯದಲ್ಲಿ ಟೈಟ್ರೇಷನ್ ಮಾಡಿಸಬೇಕು. ಅದೇ ವಿದ್ಯಾರ್ಥಿಗಳು ಶಾಲೆಗೆ ಹೋಗಿ ಪಾಠ ಮಾಡುವಾಗ ಹಿಂದಿನ ಬೆಂಚಿನಲ್ಲಿ ಕುಳಿತು ಗಮನಿಸಬೇಕು. ದಕ್ಷಿಣದ ರಾಜ್ಯಗಳಲ್ಲಿ ಈಗಾಗಲೇ ಸೇವೆಯಲ್ಲಿರುವ ಶಿಕ್ಷಕರಿಗೆ ತರಬೇತಿ ಶಿಬಿರಗಳನ್ನು ನಡೆಸಬೇಕು, ಅದಕ್ಕೆ ಸಾಮಗ್ರಿ ಸಿದ್ಧಪಡಿಸಬೇಕು. ಸಿಬಿಝಡ್, ಪಿಸಿಎಂ ಎರಡರಲ್ಲೂ ಇರುವ ವಿಷಯ ರಸಾಯನಶಾಸ್ತ್ರವೊಂದೇ ಎಂಬುದನ್ನು ಇಲ್ಲಿ ಗಮನಿಸಬೇಕು. ನಮ್ಮ ಪ್ರೌಢಶಾಲೆಗಳಲ್ಲಿ ವಿಜ್ಞಾನ ಶಿಕ್ಷಕರ ಹುದ್ದೆಗಳನ್ನು ಗುರುತಿಸುವುದೂ ಈ ಎರಡು ಹೆಸರುಗಳಿಂದಲೇ. ಹೀಗಾಗಿ ಮುಂದೆ ಯಾವ ಹುದ್ದೆಗೆ ಹೋಗುವವರಾದರೂ ರಸಾಯನಶಾಸ್ತ್ರದ ಅಧ್ಯಾಪಕರ ಕೈಯಿಂದ ಹಾದೇ ಹೋಗುತ್ತಾರೆ.

ಈ ಕೆಲಸಕ್ಕೆ ಬೇಕಾದ ತಿಳಿವಳಿಕೆ ಯಾವುದು? ರಸಾಯನಶಾಸ್ತ್ರ ಚೆನ್ನಾಗಿ ಗೊತ್ತಿದ್ದರೆ ಸಾಕು ಎನ್ನುವವರು ಒಂದು ಕಡೆ, ಬೋಧನಾ ಕೌಶಲ ಇದ್ದರೆ ಯಾವ ವಿಷಯವನ್ನಾದರೂ ಕಲಿಸಬಹುದು ಎನ್ನುವವರು ಇನ್ನೊಂದು ಕಡೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಲೀ ಶುಲ್ಮನ್ 1986ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಈ ಎರಡೂ ವಾದಗಳಿಂದ ಹೊರಬರಲು ದಾರಿ ತೋರಿಸಿತು. ಒಂದು ವಿಷಯವನ್ನು ಕಲಿಯುವವರಿಗೆ ಅದರಲ್ಲಿ ಯಾವುದು ಸುಲಭ, ಯಾವುದು ಕಷ್ಟ, ಅವರು ಯಾವ ಪೂರ್ವಗ್ರಹಿಕೆಗಳನ್ನು ಹೊತ್ತು ತರಗತಿಗೆ ಬರುತ್ತಾರೆ, ಯಾವ ಉದಾಹರಣೆ, ಯಾವ ಚಿತ್ರ, ಯಾವ ಪ್ರಯೋಗ ಆ ಕಷ್ಟವನ್ನು ಬಿಡಿಸುತ್ತದೆ ಎಂಬ ತಿಳಿವಳಿಕೆಯು ವಿಷಯಜ್ಞಾನಕ್ಕೂ ಸಾಮಾನ್ಯ ಬೋಧನಾ ಕೌಶಲಕ್ಕೂ ಸೇರದ ಪ್ರತ್ಯೇಕ ಜ್ಞಾನ ಎಂದು ಅವರು ವಾದಿಸಿದರು. ವಿಷಯ ಬೋಧನಾ ಜ್ಞಾನ ಎಂದು ಅದನ್ನು ಕರೆಯಬಹುದು. ಅನುಭವಿ ಶಿಕ್ಷಕರಲ್ಲಿ ಇದು ಹೇಗೋ ಬೆಳೆದಿರುತ್ತದೆ. ಆದರೆ ಅದನ್ನು ಇನ್ನೊಬ್ಬರಿಗೆ ದಾಟಿಸುವಷ್ಟು ಸ್ಪಷ್ಟ ಮಾಡಿಕೊಂಡವರು ವಿರಳ. ಶಿಕ್ಷಕರನ್ನು ರೂಪಿಸುವ ಅಧ್ಯಾಪಕರು ಮಾಡಬೇಕಾದ ಕೆಲಸ ಅದೇ.

ಮಾತು ಅಮೂರ್ತವಾಗದಿರಲು ಹತ್ತನೆಯ ತರಗತಿಯ ಒಂದು ಪ್ರಯೋಗವನ್ನೇ ತೆಗೆದುಕೊಳ್ಳೋಣ. ಮರಳು ಕಾಗದದಿಂದ ಉಜ್ಜಿದ ಕಬ್ಬಿಣದ ಮೊಳೆಯನ್ನು ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಸುಮಾರು ಅರ್ಧ ಗಂಟೆ ಇಟ್ಟರೆ ಮೊಳೆಯ ಮೇಲೆ ಕಂದು ಲೇಪ ಕೂರುತ್ತದೆ, ದ್ರಾವಣದ ನೀಲಿ ಬಣ್ಣ ಮಾಸುತ್ತದೆ. ಇದು ಸ್ಥಾನಪಲ್ಲಟ ಕ್ರಿಯೆ. ಕಬ್ಬಿಣವು ತಾಮ್ರಕ್ಕಿಂತ ಹೆಚ್ಚು ಕ್ರಿಯಾಶೀಲ ಲೋಹವಾದ್ದರಿಂದ ತಾಮ್ರವನ್ನು ಅದರ ಲವಣದ ದ್ರಾವಣದಿಂದ ಹೊರದೂಡುತ್ತದೆ. ಶಿಕ್ಷಕರು ಸಮೀಕರಣವನ್ನು ಹಲಗೆಯ ಮೇಲೆ ಬರೆಯುತ್ತಾರೆ, ಮಕ್ಕಳು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಸರಿಯಾಗಿಯೇ ಬರೆಯುತ್ತಾರೆ. ಆದರೆ ಮೊಳೆಗೆ ಏನಾಯಿತು ಎಂದು ಮಗುವನ್ನು ಅದರದೇ ಮಾತಿನಲ್ಲಿ ಹೇಳಲು ಬಿಟ್ಟರೆ, ಕಬ್ಬಿಣ ತಾಮ್ರವಾಗಿ ಬದಲಾಯಿತು ಎಂಬ ಉತ್ತರ ಬರಬಹುದು. ನೀಲಿ ಬಣ್ಣವು ಮೊಳೆಗೆ ಅಂಟಿಕೊಂಡು ಕಂದಾಯಿತು ಎಂದೂ ಹೇಳಬಹುದು. ಕಣ್ಣಿಗೆ ಕಂಡದ್ದನ್ನಷ್ಟೇ ಆಧಾರವಾಗಿಟ್ಟುಕೊಂಡರೆ ಈ ಎರಡೂ ಉತ್ತರಗಳು ತೀರ ಅಸಂಬದ್ಧವೇನಲ್ಲ.

ಗ್ಲಾಸ್ಗೋ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಅಲೆಕ್ಸ್ ಜಾನ್‌ಸ್ಟೋನ್ 1982ರಲ್ಲಿ ಮಂಡಿಸಿ 1991ರಲ್ಲಿ ವಿಸ್ತರಿಸಿದ ಒಂದು ವಿಚಾರವು ಈ ತೊಡಕನ್ನು ಅರ್ಥಮಾಡಿಕೊಳ್ಳಲು ಬಹಳ ನೆರವಾಗುತ್ತದೆ. ರಸಾಯನಶಾಸ್ತ್ರವು ಒಂದೇ ಸಂಗತಿಯ ಬಗ್ಗೆ ಏಕಕಾಲಕ್ಕೆ ಮೂರು ಮಟ್ಟಗಳಲ್ಲಿ ಮಾತಾಡುತ್ತದೆ. ಮೊಳೆ, ಕಂದು ಲೇಪ, ಮಾಸಿದ ನೀಲಿ ಇವು ಇಂದ್ರಿಯಗಳಿಗೆ ಎಟಕುವ ಮಟ್ಟ. ಕಬ್ಬಿಣದ ಪರಮಾಣು ಎರಡು ಇಲೆಕ್ಟ್ರಾನುಗಳನ್ನು ಕಳೆದುಕೊಂಡು ಅಯಾನಾಗಿ ದ್ರಾವಣಕ್ಕೆ ಇಳಿಯುವುದು, ದ್ರಾವಣದಲ್ಲಿದ್ದ ತಾಮ್ರದ ಅಯಾನು ಆ ಇಲೆಕ್ಟ್ರಾನುಗಳನ್ನು ಪಡೆದು ಪರಮಾಣುವಾಗಿ ಮೊಳೆಯ ಮೇಲೆ ಕೂರುವುದು ಕಣಗಳ ಮಟ್ಟ. ಹಲಗೆಯ ಮೇಲಿನ ಸಂಕೇತ ಮತ್ತು ಸಮೀಕರಣ ಮೂರನೆಯ ಮಟ್ಟ. ಜಾನ್‌ಸ್ಟೋನ್ ಇವನ್ನು ತ್ರಿಕೋನದ ಮೂರು ಮೂಲೆಗಳಾಗಿ ಚಿತ್ರಿಸಿದರು. ವಿಷಯದಲ್ಲಿ ಪಳಗಿದವರು ಒಂದೇ ವಾಕ್ಯದೊಳಗೆ ಮೂರೂ ಮೂಲೆಗಳನ್ನು ಮುಟ್ಟಿ ಬರುತ್ತಾರೆ, ಹಾಗೆ ಮುಟ್ಟಿದ್ದು ಅವರಿಗೇ ತಿಳಿಯುವುದಿಲ್ಲ. ಹೊಸಬರ ಮನಸ್ಸು ಒಮ್ಮೆಗೆ ಹಿಡಿದಿಟ್ಟುಕೊಳ್ಳಬಲ್ಲ ಸಂಗತಿಗಳ ಸಂಖ್ಯೆಗೆ ಮಿತಿಯಿರುವುದರಿಂದ, ಮೂರು ಮಟ್ಟಗಳು ಒಟ್ಟಿಗೆ ಎರಗಿದಾಗ ಅವರು ತಮಗೆ ಸುಲಭವಾದ ಒಂದನ್ನು ಹಿಡಿದು ಉಳಿದೆರಡನ್ನು ಕೈಬಿಡುತ್ತಾರೆ. ಪರೀಕ್ಷೆಗೆ ಬೇಕಾದದ್ದು ಸಮೀಕರಣವಾದ್ದರಿಂದ ನಮ್ಮ ಮಕ್ಕಳು ಹಿಡಿಯುವುದು ಸಾಮಾನ್ಯವಾಗಿ ಅದನ್ನೇ.

ಈಗ ಅಧ್ಯಾಪಕರ ಕೆಲಸ ಏನೆಂಬುದು ಸ್ಪಷ್ಟವಾಗುತ್ತದೆ. ಸ್ಥಾನಪಲ್ಲಟ ಕ್ರಿಯೆ ಎಂದರೇನು ಎಂದು ನಾಲ್ಕನೆಯ ವರ್ಷದ ವಿದ್ಯಾರ್ಥಿಗೆ ಅವರು ಮತ್ತೆ ಹೇಳಬೇಕಾಗಿಲ್ಲ. ಕಬ್ಬಿಣ ತಾಮ್ರವಾಯಿತು ಎಂಬ ಮಾತನ್ನು ಮಗುವಿನ ಬಾಯಿಂದ ಹೊರಡಿಸುವ ಪ್ರಶ್ನೆಯನ್ನು ಹೇಗೆ ಕೇಳಬೇಕು, ಕೇಳಿದ ಮೇಲೆ ತಪ್ಪು ಎಂದು ಬಾಯಿ ಮುಚ್ಚಿಸದೆ ಆ ಮಾತನ್ನು ಪರೀಕ್ಷೆಗೆ ಒಡ್ಡುವ ಮುಂದಿನ ಹೆಜ್ಜೆ ಯಾವುದು ಎಂಬುದನ್ನು ಕಲಿಸಬೇಕು. ಉದಾಹರಣೆಗೆ, ಮೊಳೆ ಪೂರ್ತಿ ತಾಮ್ರವಾಗಿದೆಯೋ ಅದರ ಮೇಲ್ಮೈ ಮಾತ್ರವೋ ಎಂದು ಕೆರೆದು ನೋಡಲು ಹೇಳಬಹುದು. ನೀಲಿ ಬಣ್ಣಕ್ಕೆ ಕಾರಣವಾದದ್ದು ದ್ರಾವಣದಲ್ಲಿ ಕಡಿಮೆಯಾಗದೆ ಬಣ್ಣ ಮಾಸಲು ಸಾಧ್ಯವೇ ಎಂದು ಕೇಳಬಹುದು. ಇನ್ನೂ ಮುಂದೆ ಹೋಗುವ ತರಗತಿಯಾದರೆ, ಮೊಳೆಯ ತೂಕ ಹೆಚ್ಚುತ್ತದೆಯೇ ಕಡಿಮೆಯಾಗುತ್ತದೆಯೇ ಎಂದು ಪ್ರಯೋಗಕ್ಕೆ ಮೊದಲೇ ಊಹಿಸಿ ಬರೆಯಲು ಹೇಳಬಹುದು. ಸುಮಾರು 56 ಗ್ರಾಂ ಕಬ್ಬಿಣ ಕರಗಿದರೆ ಸುಮಾರು 63.5 ಗ್ರಾಂ ತಾಮ್ರ ಹೊರಬೀಳುತ್ತದೆ. ಅದೆಲ್ಲ ಮೊಳೆಗೇ ಅಂಟಿಕೊಂಡರೆ ತೂಕ ಹೆಚ್ಚಬೇಕು. ವಾಸ್ತವದಲ್ಲಿ ತಾಮ್ರ ಚಕ್ಕೆಯಾಗಿ ಉದುರುತ್ತದೆ, ಸತುವಿನ ಲೇಪವಿರುವ ಮೊಳೆ ತಂದರೆ ಲೆಕ್ಕವೇ ತಪ್ಪುತ್ತದೆ, ಶಾಲೆಯ ತಕ್ಕಡಿಗೆ ಅಷ್ಟು ಸೂಕ್ಷ್ಮತೆ ಇರುವುದಿಲ್ಲ. ಇವೆಲ್ಲ ಸೇರಿಯೇ ಬೋಧನಾ ಜ್ಞಾನ. ಪ್ರಯೋಗವನ್ನು ತಾವೇ ಹಲವು ಸಲ ಮಾಡಿ ನೋಡದ ಅಧ್ಯಾಪಕರು ಇದನ್ನು ಓದಿನಿಂದ ಮಾತ್ರ ಪಡೆಯಲಾರರು.

ತಪ್ಪು ಗ್ರಹಿಕೆಗಳ ವಿಷಯದಲ್ಲಿ ಇನ್ನೂ ಸೂಕ್ಷ್ಮವಾದ ಒಂದು ತೊಡಕಿದೆ. ಅವು ಮಕ್ಕಳಲ್ಲಿ ಮಾತ್ರ ಇರುವುದಿಲ್ಲ, ಶಿಕ್ಷಕರಾಗಲು ಬಂದವರಲ್ಲೂ ಇರುತ್ತವೆ. ನ್ಯೂಜಿಲೆಂಡ್‌ನಲ್ಲಿ ರೋಜರ್ ಆಸ್ಬೋರ್ನ್ ಮತ್ತು ಮಾರ್ಕ್ ಕಾಸ್ಗ್ರೋವ್ 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕುದಿಯುವ ನೀರಿನಲ್ಲಿ ಏಳುವ ಗುಳ್ಳೆಗಳಲ್ಲಿ ಏನಿದೆ ಎಂದು ಕೇಳಿದಾಗ, ವಿಜ್ಞಾನ ಓದಿದ ದೊಡ್ಡ ಮಕ್ಕಳಲ್ಲೂ ಅನೇಕರು ಹೈಡ್ರೊಜನ್ ಮತ್ತು ಆಕ್ಸಿಜನ್ ಇದೆ ಎಂದು ಉತ್ತರಿಸಿದ್ದರು. ನೀರು ಈ ಎರಡು ಧಾತುಗಳಿಂದ ಆಗಿದೆ ಎಂದು ಶಾಲೆಯಲ್ಲಿ ಕಲಿತ ಮೇಲೆಯೇ ಇಂಥ ಉತ್ತರ ಸಾಧ್ಯ. ಏನನ್ನೂ ಓದದ ಮಗುವಿಗೆ ಇದು ಹೊಳೆಯದು. ಅಂದರೆ ಕೆಲವು ತಪ್ಪುಗಳನ್ನು ಹುಟ್ಟಿಸುವುದು ಬೋಧನೆಯೇ. ಉಪ್ಪಿನ ಹರಳಿನಲ್ಲಿ ಒಂದೊಂದು ಸೋಡಿಯಂ ಅಯಾನು ಒಂದೊಂದು ಕ್ಲೋರೈಡ್ ಅಯಾನಿನೊಂದಿಗೆ ಜೋಡಿಯಾಗಿ ಅಣುವಾಗಿದೆ ಎಂಬ ನಂಬಿಕೆಯೂ ಈ ಜಾತಿಯದು. ಇಲೆಕ್ಟ್ರಾನನ್ನು ಕೊಟ್ಟು ತೆಗೆದುಕೊಳ್ಳುವ ಚಿತ್ರವನ್ನು ಪಠ್ಯಪುಸ್ತಕ ಅಷ್ಟು ಅಚ್ಚುಕಟ್ಟಾಗಿ ಬರೆದಿರುತ್ತದೆ ಎಂದರೆ, ಪ್ರತಿ ಸೋಡಿಯಂ ಅಯಾನಿನ ಸುತ್ತ ಆರು ಕ್ಲೋರೈಡ್ ಅಯಾನುಗಳಿರುವ ಜಾಲವನ್ನು ಪದವಿಯಲ್ಲಿ ಓದಿದ ಮೇಲೂ ಹಳೆಯ ಜೋಡಿಯೇ ಮನಸ್ಸಿನಲ್ಲಿ ಉಳಿದಿರುತ್ತದೆ. ಬಂಧ ಮುರಿದಾಗ ಶಕ್ತಿ ಹೊರಬರುತ್ತದೆ ಎಂಬುದು ಮತ್ತೊಂದು. ಜೀವಕೋಶಗಳಿಗೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣುವಿನ ಫಾಸ್ಫೇಟ್ ಬಂಧದಲ್ಲಿ ಶಕ್ತಿ ತುಂಬಿಟ್ಟಿದೆ ಎಂದು ಜೀವಶಾಸ್ತ್ರದ ತರಗತಿಯಲ್ಲಿ ಕೇಳಿ ಬಂದ ಸಿಬಿಝಡ್ ವಿದ್ಯಾರ್ಥಿಗೆ, ಬಂಧ ಮುರಿಯಲು ಯಾವಾಗಲೂ ಶಕ್ತಿ ಬೇಕು, ಶಕ್ತಿ ಬಿಡುಗಡೆಯಾಗುವುದು ಹೊಸ ಬಂಧಗಳು ಮತ್ತು ಹೆಚ್ಚು ಸ್ಥಿರವಾದ ಉತ್ಪನ್ನಗಳು ಉಂಟಾಗುವಾಗ ಎಂದು ಒಪ್ಪಿಸುವುದು ಸುಲಭವಲ್ಲ.

ಆದ್ದರಿಂದ ಇಂಥ ಅಧ್ಯಾಪಕರು ಒಂದೇ ಪಾಠದಲ್ಲಿ ಎರಡು ಕೆಲಸ ಮಾಡಬೇಕಾಗುತ್ತದೆ. ಎದುರಿಗಿರುವ ವಿದ್ಯಾರ್ಥಿಯ ತಪ್ಪನ್ನು ತಿದ್ದಬೇಕು, ಹಾಗೆ ತಿದ್ದಿದ ಬಗೆಯನ್ನು ಅವನ ಕಣ್ಣೆದುರಿಗೆ ಬಿಚ್ಚಿಟ್ಟು, ಅವನು ಮುಂದೆ ಅದನ್ನು ಬಳಸುವಂತೆ ಮಾಡಬೇಕು. ನನ್ನ ಅಭಿಪ್ರಾಯದಲ್ಲಿ ಬೋಧನಾ ವಿಧಾನದ ಯಾವ ಪಾಠಕ್ಕಿಂತಲೂ ಹೆಚ್ಚು ಫಲ ಕೊಡುವುದು ಇದೇ, ಏಕೆಂದರೆ ತನ್ನದೇ ನಂಬಿಕೆ ಅಲುಗಿದ ಅನುಭವವಿರುವ ಶಿಕ್ಷಕ ಮಕ್ಕಳ ನಂಬಿಕೆಯನ್ನು ಲಘುವಾಗಿ ಕಾಣುವುದಿಲ್ಲ.

ಪಾಠ ವೀಕ್ಷಣೆಯ ಸಂದರ್ಭದಲ್ಲಿಯೂ ವ್ಯತ್ಯಾಸ ಎದ್ದು ಕಾಣುತ್ತದೆ. 2014ರ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ ನಿಯಮಗಳು ಬಿ.ಎಡ್. ಪದವಿಯನ್ನು ಎರಡು ವರ್ಷಕ್ಕೆ ಹಿಗ್ಗಿಸಿ ಶಾಲಾ ಇಂಟರ್ನ್‌ಶಿಪ್‌ಗೆ ಕನಿಷ್ಠ 20 ವಾರಗಳನ್ನು ನಿಗದಿ ಮಾಡಿದವು. ಅವಧಿ ಹೆಚ್ಚಿದ್ದು ಒಳ್ಳೆಯದೇ. ಆದರೆ ಹಿಂದಿನ ಬೆಂಚಿನಲ್ಲಿ ಕುಳಿತವರು ನೋಡುವುದೇನು? ಪೀಠಿಕೆ ಆಸಕ್ತಿದಾಯಕವಾಗಿತ್ತೇ, ಹಲಗೆಯ ಬಳಕೆ ಹೇಗಿತ್ತು, ಧ್ವನಿ ಕೇಳಿಸಿತೇ, ಪ್ರಶ್ನೆಗಳನ್ನು ತರಗತಿಯ ಎಲ್ಲ ಕಡೆಗೂ ಹಂಚಲಾಯಿತೇ ಎಂದು ವೀಕ್ಷಣಾ ಪತ್ರದಲ್ಲಿ ಅಂಕ ಹಾಕಲು ವಿಷಯ ಗೊತ್ತಿರಬೇಕಾಗಿಲ್ಲ; ಇತಿಹಾಸದ ಪಾಠಕ್ಕೂ ಆಮ್ಲ ಪ್ರತ್ಯಾಮ್ಲಗಳ ಪಾಠಕ್ಕೂ ಅದೇ ಪತ್ರ ನಡೆಯುತ್ತದೆ. ರಸಾಯನಶಾಸ್ತ್ರ ಬಲ್ಲವರು ಕುಳಿತಿದ್ದರೆ, ದುರ್ಬಲ ಆಮ್ಲ ಮತ್ತು ಸಾರರಿಕ್ತ ಆಮ್ಲ ಎರಡನ್ನೂ ಒಂದೇ ಎಂಬಂತೆ ವಿದ್ಯಾರ್ಥಿ ಶಿಕ್ಷಕ ಆಡಿದ ಒಂದು ವಾಕ್ಯವನ್ನು ಹಿಡಿಯುತ್ತಾರೆ. ಮೊದಲನೆಯದು ಆಮ್ಲ ಎಷ್ಟರಮಟ್ಟಿಗೆ ಅಯಾನುಗಳಾಗಿ ಒಡೆಯುತ್ತದೆ ಎಂಬ ವಿಚಾರ, ಎರಡನೆಯದು ನೀರಿನಲ್ಲಿ ಎಷ್ಟು ಬೆರೆಸಲಾಗಿದೆ ಎಂಬ ವಿಚಾರ. ಆ ಒಂದು ವಾಕ್ಯ ಪಿಯುಸಿವರೆಗೂ ಮಕ್ಕಳನ್ನು ಕಾಡಬಲ್ಲದು.

ಪ್ರಯೋಗಾಲಯದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕಾಲೇಜಿನಲ್ಲಿ ಗ್ಯಾಸ್ ಬರ್ನರ್, ನಲ್ಲಿ ನೀರು, ಸಹಾಯಕರು ಎಲ್ಲ ಇರುತ್ತಾರೆ. ಇವು ಯಾವುವೂ ಇಲ್ಲದ ಶಾಲೆಗೆ ಹೋಗುವವರನ್ನು ತಯಾರು ಮಾಡುವಾಗ ಹನಿಗಳ ಲೆಕ್ಕದಲ್ಲಿ ಪ್ರಯೋಗ ಮಾಡಿಸುವ ಸೂಕ್ಷ್ಮ ಪ್ರಮಾಣದ ಪದ್ಧತಿ ಉಪಯೋಗಕ್ಕೆ ಬರುತ್ತದೆ. ಎನ್‌ಸಿಇಆರ್‌ಟಿ ಇದಕ್ಕಾಗಿಯೇ ಒಂದು ಕಿಟ್ ರೂಪಿಸಿದೆ. ರಾಸಾಯನಿಕಗಳ ಖರ್ಚು, ತ್ಯಾಜ್ಯ, ಅಪಾಯ ಮೂರೂ ಇದರಿಂದ ಕಡಿಮೆಯಾಗುತ್ತವೆ.

ಪದವಿ ಕಾಲೇಜಿನ ಅಧ್ಯಾಪಕರು ಶಾಲೆಯ ವಿಜ್ಞಾನಕ್ಕೆ ನೇರವಾಗಿ ಇಳಿದರೆ ಏನಾಗಬಹುದು ಎಂಬುದಕ್ಕೆ ಮಧ್ಯಪ್ರದೇಶದ ಹೋಶಂಗಾಬಾದ್ ವಿಜ್ಞಾನ ಬೋಧನಾ ಕಾರ್ಯಕ್ರಮ ನಮ್ಮ ದೇಶದ ದೊಡ್ಡ ಉದಾಹರಣೆ. 1972ರಲ್ಲಿ ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು 16 ಸರ್ಕಾರಿ ಮಾಧ್ಯಮಿಕ ಶಾಲೆಗಳಲ್ಲಿ ಇದನ್ನು ಆರಂಭಿಸಿದವು. ದೆಹಲಿ ವಿಶ್ವವಿದ್ಯಾಲಯದ ಅಧ್ಯಾಪಕರೂ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳೂ ಅದರಲ್ಲಿ ಪಾಲ್ಗೊಂಡರು. ಬೇಸಿಗೆ ರಜೆಯ ಶಿಬಿರಗಳಲ್ಲಿ ಶಿಕ್ಷಕರು, ಮುಂದೆ ಮಕ್ಕಳು ಮಾಡಲಿರುವ ಪ್ರಯೋಗಗಳನ್ನೇ ತಾವು ಮೊದಲು ಮಾಡುತ್ತಿದ್ದರು. ಶಿಬಿರ ಮುಗಿದ ಮೇಲೆ ಶಾಲೆಗಳಿಗೆ ಭೇಟಿ, ತಿಂಗಳ ಸಭೆಗಳು ಮುಂದುವರಿಯುತ್ತಿದ್ದವು. ಪರೀಕ್ಷೆಗೆ ಪುಸ್ತಕ ತೆಗೆದುಕೊಂಡು ಹೋಗಲು ಮಕ್ಕಳಿಗೆ ಅವಕಾಶವಿತ್ತು, ಏಕೆಂದರೆ ಅಲ್ಲಿ ಕೇಳುತ್ತಿದ್ದುದು ಪುಸ್ತಕದಲ್ಲಿ ಇರುವ ಉತ್ತರವನ್ನಲ್ಲ. 1982ರಲ್ಲಿ ಸ್ಥಾಪನೆಯಾದ ಏಕಲವ್ಯ ಸಂಸ್ಥೆ ಈ ಕೆಲಸವನ್ನು ಮುಂದುವರಿಸಿತು. 2002ರಲ್ಲಿ ರಾಜ್ಯ ಸರ್ಕಾರ ಕಾರ್ಯಕ್ರಮವನ್ನು ನಿಲ್ಲಿಸಿತು. ಶಿಕ್ಷಕರ ತರಬೇತಿ ಎಂದರೆ ವರ್ಷಕ್ಕೊಮ್ಮೆ ನಡೆಯುವ ಉಪನ್ಯಾಸ ಶಿಬಿರ ಎಂದು ಭಾವಿಸಿದವರು ಆ ಮೂರು ದಶಕಗಳ ಕೆಲಸವನ್ನು ಒಮ್ಮೆ ನೋಡಬೇಕು.

ಇಷ್ಟೆಲ್ಲ ಬೇಡುವ ಈ ವೃತ್ತಿಗೆ ಪ್ರವೇಶಿಸುವ ಬಾಗಿಲು ಎಲ್ಲಿದೆ ಎಂದು ನೋಡಿದರೆ ಚಿತ್ರ ವಿಚಿತ್ರವಾಗಿದೆ. ಪದವಿ ಕಾಲೇಜಿನ ರಸಾಯನಶಾಸ್ತ್ರ ಅಧ್ಯಾಪಕರಾಗಲು ಎಂ.ಎಸ್‌ಸಿ. ಜೊತೆಗೆ ಅಧ್ಯಾಪಕ ಹುದ್ದೆಯ ಅರ್ಹತೆಗಾಗಿ ರಾಷ್ಟ್ರಮಟ್ಟದಲ್ಲಿ ನಡೆಯುವ ರಾಸಾಯನಿಕ ವಿಜ್ಞಾನಗಳ ನೆಟ್ ಪರೀಕ್ಷೆಯೋ ರಾಜ್ಯಮಟ್ಟದ ಕೆ-ಸೆಟ್ ಪರೀಕ್ಷೆಯೋ ದಾರಿ. ಬಿ.ಎಡ್. ಕಾಲೇಜಿನಲ್ಲಿ ವಿಜ್ಞಾನ ಬೋಧನೆಯ ಪತ್ರಿಕೆ ಕಲಿಸಲು 2014ರ ನಿಯಮಗಳ ಪ್ರಕಾರ ವಿಷಯದ ಸ್ನಾತಕೋತ್ತರ ಪದವಿಯಲ್ಲಿ 55 ಶೇಕಡಾ ಮತ್ತು ಎಂ.ಎಡ್. ಪದವಿಯಲ್ಲಿ 55 ಶೇಕಡಾ ಎರಡೂ ಬೇಕು. ಮೊದಲ ಬಾಗಿಲಿನಿಂದ ಬಂದವರಿಗೆ ಶಾಲೆ ಗೊತ್ತಿರುವುದಿಲ್ಲ. ಎರಡನೆಯ ಬಾಗಿಲಿನಿಂದ ಬಂದವರು ಎಂ.ಎಸ್‌ಸಿ. ಮುಗಿದ ಮೇಲೆ ಪ್ರಯೋಗಾಲಯಕ್ಕೆ ಹೋಗಿ ಬ್ಯೂರೆಟ್ ಎಂಬ ಅಳತೆಯ ಗಾಜಿನ ಕೊಳವೆ ಹಿಡಿಯುವ ಸಂದರ್ಭಗಳು ಕಡಿಮೆ. ಇನ್ನು ಸಂಶೋಧನೆಯ ಮಾತಿಗೆ ಬಂದರೆ, ರಸಾಯನಶಾಸ್ತ್ರದ ಕಲಿಕೆಯನ್ನೇ ಅಧ್ಯಯನದ ವಸ್ತುವಾಗಿಸಿಕೊಂಡವರ ಸ್ಥಿತಿ ಇನ್ನಷ್ಟು ನಾಜೂಕು: ಇದು ರಸಾಯನಶಾಸ್ತ್ರವಲ್ಲ ಎಂದು ವಿಜ್ಞಾನ ವಿಭಾಗದವರೂ ಇದು ಶಿಕ್ಷಣಶಾಸ್ತ್ರವಲ್ಲ ಎಂದು ಶಿಕ್ಷಣ ವಿಭಾಗದವರೂ ಹೇಳಬಹುದು. ಹೊರಗೆ ಈ ಕ್ಷೇತ್ರ ಹೊಸದೇನೂ ಅಲ್ಲ; ಅಮೆರಿಕದ ಜರ್ನಲ್ ಆಫ್ ಕೆಮಿಕಲ್ ಎಜುಕೇಷನ್ ಪತ್ರಿಕೆ 1924ರಿಂದ ಹೊರಬರುತ್ತಿದೆ. ನಮ್ಮಲ್ಲಿ ಮುಂಬಯಿಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ 1974ರಿಂದ ಕೆಲಸ ಮಾಡುತ್ತಿದೆ, ವಿಜ್ಞಾನ ಶಿಕ್ಷಣದಲ್ಲಿ ಪಿಎಚ್‌.ಡಿ. ಪದವಿಗೂ ಅಲ್ಲಿ ಅವಕಾಶವಿದೆ. ಆದರೆ ಸಾಮಾನ್ಯ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಇಂಥದೊಂದು ಹುದ್ದೆಯನ್ನು ಕಲ್ಪಿಸಿಕೊಳ್ಳುವುದೂ ಇಂದಿಗೆ ಕಷ್ಟ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು 2030ರ ಹೊತ್ತಿಗೆ ನಾಲ್ಕು ವರ್ಷಗಳ ಸಂಯೋಜಿತ ಪದವಿಯೇ ಶಾಲಾ ಶಿಕ್ಷಕರ ಕನಿಷ್ಠ ಅರ್ಹತೆಯಾಗಬೇಕೆಂದು ಹೇಳಿದೆ. ಐಟೆಪ್ ಎಂದು ಕರೆಯಲಾಗುವ ಈ ಕೋರ್ಸ್‌ನ್ನು 2021ರ ಅಕ್ಟೋಬರ್‌ನಲ್ಲಿ ಅಧಿಸೂಚಿಸಿ, 2023-24ರಲ್ಲಿ 57 ಸಂಸ್ಥೆಗಳಲ್ಲಿ ಆರಂಭಿಸಲಾಯಿತು. ಮೈಸೂರಿನಂಥ ನಾಲ್ಕು ಊರುಗಳಲ್ಲಿ ಅರುವತ್ತರ ದಶಕದಿಂದ ನಡೆದುಬಂದ ಮಾದರಿಯನ್ನು ದೇಶಕ್ಕೆಲ್ಲ ಹರಡುವ ಯತ್ನ ಇದು ಎಂದು ಹೇಳಬಹುದು. ಬಹುವಿಷಯಗಳ ಕಾಲೇಜುಗಳಲ್ಲೇ ಇದನ್ನು ನಡೆಸಬೇಕೆಂಬ ಷರತ್ತು ಇರುವುದರಿಂದ, ಇದುವರೆಗೆ ಶಾಲೆಯ ಗೊಡವೆಗೆ ಹೋಗದ ರಸಾಯನಶಾಸ್ತ್ರದ ಅಧ್ಯಾಪಕರ ತರಗತಿಗಳಿಗೆ ಶಿಕ್ಷಕರಾಗಲಿರುವ ವಿದ್ಯಾರ್ಥಿಗಳು ನೇರವಾಗಿ ಬಂದು ಕೂರುತ್ತಾರೆ. ಅಲ್ಲಿ ವಿಷಯದ ಪಾಠ ಒಂದು ವಿಭಾಗದಲ್ಲಿ, ಬೋಧನೆಯ ಪಾಠ ಇನ್ನೊಂದು ವಿಭಾಗದಲ್ಲಿ ಎಂದು ವೇಳಾಪಟ್ಟಿ ಹಂಚಿಬಿಟ್ಟರೆ, ಮೊದಲಿದ್ದ ಎರಡು ಸಂಸ್ಥೆಗಳನ್ನು ಒಂದೇ ಆವರಣಕ್ಕೆ ತಂದಂತಾಗುತ್ತದೆಯೇ ಹೊರತು ನಡುವಿನ ಪ್ರಶ್ನೆಗಳಿಗೆ ವಾರಸುದಾರರು ಸಿಕ್ಕಂತಾಗುವುದಿಲ್ಲ. ಎರಡೂ ವಿಭಾಗಗಳಿಂದ ಒಬ್ಬೊಬ್ಬರು ಜೊತೆಗೂಡಿ ಒಂದೇ ಪತ್ರಿಕೆಯನ್ನು ಕಲಿಸುವುದು, ವಿಷಯ ಕಲಿಸಿದವರೇ ಶಾಲೆಗೂ ಹೋಗಿ ಪಾಠ ವೀಕ್ಷಿಸುವುದು ಆರಂಭಕ್ಕೆ ಸಾಕು. ಆದರೆ ಕಾಲೇಜಿನಲ್ಲಿ ಅಧ್ಯಾಪಕರ ಕಾರ್ಯಭಾರವನ್ನು ಅಳೆಯುವುದು ತರಗತಿ ಮತ್ತು ಪ್ರಯೋಗಾಲಯದ ಗಂಟೆಗಳಿಂದ. ಹಳ್ಳಿಯ ಪ್ರೌಢಶಾಲೆಯೊಂದರ ಹಿಂದಿನ ಬೆಂಚಿನಲ್ಲಿ ಕಳೆದ ಅರ್ಧ ದಿನವನ್ನು ಆ ಪಟ್ಟಿಯಲ್ಲಿ ಎಷ್ಟು ಗಂಟೆ ಎಂದು ನಮೂದಿಸಬೇಕೆಂಬುದನ್ನು ವಿಶ್ವವಿದ್ಯಾಲಯಗಳು ಮೊದಲು ತೀರ್ಮಾನಿಸಬೇಕಾಗುತ್ತದೆ.